ಕೊನೆಯ ಪುಟ ಮೊದಲು

ಅಮ್ಮಾ,

ಇವತ್ತು ಅಂಗಡಿಗೆ ಬಂದ ನಿವೃತ್ತ ನರ್ಸ್ ಒಬ್ಬರು ಒಳ್ಳೆಯ ಕಾದಂಬರಿ ಕೊಡಿ ಎಂದರು. ಮನೆ ಬಿಟ್ಟುಹೋದ ಮಗಳ ಕಥೆಯ ಆ ದಪ್ಪ ಪುಸ್ತಕವನ್ನೇ ಕೈಗಿಟ್ಟೆ. ಎಲ್ಲರಿಗೂ ನಾನು ಹೇಳುವುದು ಅದನ್ನೇ ತಾನೇ. ಅವರು ನೇರವಾಗಿ ಕೊನೆಯ ಪುಟ ತೆರೆದರು. ಥೇಟ್ ನಿನ್ನ ಚಾಳಿ.

ನನ್ನ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ, ಸಿಡುಕಿಬಿಟ್ಟೆ. "ಮೊದಲಿಂದ ಓದಿ ಮೇಡಂ. ಕೊನೆ ಗೊತ್ತಾದ್ಮೇಲೆ ಓದೋಕೆ ಏನಿರುತ್ತೆ?"

"ಇಷ್ಟು ದಪ್ಪದ್ದು ಮುಗಿಸೋವರೆಗೂ ನಾನಿರ್ಬೇಕಲ್ಲಮ್ಮ," ಎಂದು ನಕ್ಕರು.

ನಾನು ಸ್ಟೂಲ್ ಎಳೆದುಕೊಟ್ಟು ದೀಪ ಹಾಕಿದೆ. ಕೊನೆಯ ಪುಟ ಓದಿ, ಕಣ್ಣೊರೆಸಿಕೊಂಡು, ಪುಸ್ತಕ ಕೊಂಡುಕೊಂಡೇ ಹೋದರು.

ಆಸ್ಪತ್ರೆಯ ಮಂಚದ ಮೇಲೆ ನೀನೂ ಅದನ್ನು ಹಿಂದಿನಿಂದಲೇ ತೆರೆದಿದ್ದೆ. ನಾನು ಕಿತ್ತುಕೊಂಡು, ಗುರುತಿನ ದಾರವನ್ನು ಮೊದಲ ಅಧ್ಯಾಯಕ್ಕೆ ಸರಿಸಿ ಕೊಟ್ಟೆ. "ಆ ಹುಡುಗಿ ಮನೆಗೆ ವಾಪಸ್ ಬರ್ತಾಳೋ ಇಲ್ವೋ, ಅಷ್ಟು ಹೇಳೇ," ಎಂದು ಗೋಗರೆದೆ ನೀನು.

"ಓದಮ್ಮ, ಗೊತ್ತಾಗುತ್ತೆ," ಎಂದಿದ್ದೆ ನಾನು.

ಆ ಪ್ರತಿ ಈಗ ನನ್ನ ಮೇಜಿನ ಮೇಲಿದೆ. ದಾರ ಇನ್ನೂ ಮೂರನೆಯ ಅಧ್ಯಾಯದಲ್ಲೇ ಇದೆ.

ಬರ್ತಾಳಮ್ಮ. ತುಂಬ ತಡವಾಗಿ ಬರ್ತಾಳೆ, ಆದ್ರೂ ಬರ್ತಾಳೆ. ಬಾಗಿಲು ತೆಗೆಯೋದು ಅವಳ ಅಮ್ಮನೇ.