ಹಾರ್ನ್ ಹೊಡೆಯದೆ ಮನೆಗೆ ಬಂದೆ

ತೋಂಟದಾರ್ಯಣ್ಣ,

ನೀನು ತೀರಿಕೊಂಡ ಮೇಲೆ ನಿನ್ನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರನ್ನು ನಾನೇ ಓಡಿಸುತ್ತಿದ್ದೇನೆ. ಇವತ್ತು ಹುಳಿಯಾರಿನಿಂದ ಬರುವಾಗ ಇಂಜಿನ್ ವಿಪರೀತ ಕಾಯಿತು. ರೇಡಿಯೇಟರ್ ಫ್ಯಾನ್ ತಿರುಗುತ್ತಿರಲಿಲ್ಲ. ತೆಂಗಿನ ನೆರಳಲ್ಲಿ ನಿಲ್ಲಿಸಿ, ನೀನು ಕಲಿಸಿದಂತೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟೆ. ತಿರುಗಿತು. "ಮೋಟರ್ ಸರಿಯಿದ್ರೆ ರಿಲೇ ನೋಡು ಕಣೇ" ಅನ್ನುತ್ತಿದ್ದೆಯಲ್ಲ, ಕರೆಂಟ್ ಹಾಯಿಸುವ ಆ ಪುಟ್ಟ ಡಬ್ಬಿ ಹಾರ್ನಿಗೂ ಅಂಥದ್ದೇ ಇತ್ತು; ಹಾರ್ನಿನ ರಿಲೇ ಕಿತ್ತು ಫ್ಯಾನಿಗೆ ಹಾಕಿದೆ. ಗಾಡಿ ತಣ್ಣಗಾಯಿತು.

ಮನೆಯ ಮುಂದೆ ಹಾರ್ನ್ ಹೊಡೆಯಲಾಗಲಿಲ್ಲ. ಇಷ್ಟು ದಿನ ನಾನು ಹೊಡೆದಾಗಲೆಲ್ಲ ಅಮ್ಮ "ತೋಂಟ ಬಂದ" ಅಂತ ಓಡಿ ಬರುತ್ತಿದ್ದಳು. ನನ್ನನ್ನು ಕಂಡು ವಾಪಸ್ ಒಳಗೆ ಹೋಗುತ್ತಿದ್ದಳು. ಇವತ್ತು ಕಾಯಿ ತುರಿಯುತ್ತಿದ್ದವಳು ತಲೆಯೆತ್ತಿ, "ಬಂದ್ಯಾ ಇಂಪನಾ? ಕೈ ತೊಳ್ಕೊ, ಊಟ ಮಾಡೀವಂತೆ" ಅಂದಳು.

ತಿಪಟೂರಿಗೆ ಹೋದರೆ ಹಾರ್ನಿಗೆ ಹೊಸ ರಿಲೇ ಸಿಗುತ್ತದೆ ಅಣ್ಣ. ಹೋಗುವುದಕ್ಕೆ ಮನಸ್ಸಾಗುತ್ತಿಲ್ಲ.