ಅತ್ತೆಯ ಎದುರಿನ ಇಂಗ್ಲಿಷ್

೧೨ ನವೆಂಬರ್ ೧೯೫೮, ಬುಧವಾರ. ಟಿ. ನಗರ, ಮದರಾಸು

ಇವತ್ತು ಬೆಳಗಿನ ಜಾವ ಅತ್ತೆ ದೇವರನಾಮ ಹಾಡಲಿಲ್ಲ. ರಂಗೋಲಿ ಹಾಕಿದರು, ತುಳಸಿಗೆ ನೀರೆರೆದರು, ಬಾಯಿ ಮಾತ್ರ ತೆರೆಯಲಿಲ್ಲ. ನಮ್ಮ ಯಜಮಾನರು ಏಳೂವರೆಯವರೆಗೂ ಹಾಯಾಗಿ ಮಲಗಿದ್ದರು.

ನಿನ್ನೆ ಊಟಕ್ಕೆ ಕೂತಾಗ ಇವರು ಆ ಹಾಡಿನ ಬಗ್ಗೆಯೇ ಇಂಗ್ಲಿಷಿನಲ್ಲಿ, ‘ದೇವರನಾಮ’ ಎಂಬ ಒಂದು ಮಾತನ್ನು ಮಾತ್ರ ಕನ್ನಡದಲ್ಲೇ ಉಳಿಸಿ, ಇನ್ನೆಷ್ಟು ದಿನ ‘ಪುಟ್ ಅಪ್ ವಿತ್’ ಮಾಡುವುದು ಎಂದರು. ನಾನು ನಕ್ಕೆ. ಸಹಿಸಿಕೊಳ್ಳುವುದಕ್ಕೆ ಇವರ ಆಫೀಸಿನ ದೊರೆಗಳು ಹಾಗನ್ನುತ್ತಾರಂತೆ. ಮದುವೆಯಾದ ಹೊಸದರಲ್ಲಿ, ಹಿರಿಯರ ಎದುರು ಗಂಡನ ಜೊತೆ ಮಾತಾಡಲು ನಾಚುತ್ತಿದ್ದ ನನಗೆ ಇಂಥ ಮಾತುಗಳನ್ನು ಇವರೇ ಒಂದೊಂದಾಗಿ ಕಲಿಸಿದ್ದು. ಆಗ ಅದು ನಮ್ಮಿಬ್ಬರ ಸರಸ. ಯಾವಾಗ ಅತ್ತೆಯ ಮೇಲೆ ತಿರುಗಿತೋ ಗೊತ್ತಾಗಲೇ ಇಲ್ಲ.

ಮಧ್ಯಾಹ್ನ ಕೀರೆ ಸೊಪ್ಪು ಬಿಡಿಸುತ್ತಾ ಅತ್ತೆ ಕೇಳಿದರು: “ರಮಾ, ನಿನ್ನೆ ಅವನು ಇಂಗ್ಲಿಷ್‌ನಲ್ಲಿ ಏನಂದ?”

“ಆಫೀಸ್ ವಿಷಯ, ಅತ್ತೆ.”

“ಆಫೀಸ್ ವಿಷಯಕ್ಕೆ ನನ್ನ ಮುಖ ನೋಡಿ ಯಾಕಮ್ಮ ನಕ್ಕೆ?”

ಸೊಪ್ಪು ತೊಳೆಯುವ ನೆಪದಲ್ಲಿ ಎದ್ದುಹೋದೆ. ಛೀ, ನನ್ನ ಜನ್ಮಕ್ಕಿಷ್ಟು.

ರಾತ್ರಿ ಊಟದಲ್ಲಿ ಇವರು ಮತ್ತೆ ಇಂಗ್ಲಿಷ್ ಶುರು ಮಾಡಿದರು. ಇವತ್ತು ಬೆಳಿಗ್ಗೆ ಎಂಥ ನಿದ್ದೆ ಬಂತು, ಅದೇ ಮಾತು.

“ಏನಿದ್ರೂ ಕನ್ನಡದಲ್ಲೇ ಹೇಳಿ,” ಅಂದೆ.

ಇವರು ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು, ಆಮೇಲೆ ಎಲೆ ನೋಡಿಕೊಂಡು ಕೂತರು. ಕನ್ನಡದಲ್ಲಿ ಆ ಮಾತು ಬಾಯಿಗೆ ಬರಲಿಲ್ಲ. ಅತ್ತೆ ಮಗನ ಅನ್ನಕ್ಕೆ ಇನ್ನೊಂದು ಮಿಳ್ಳೆ ತುಪ್ಪ ಬಡಿಸಿದರು.

ಬೆಳಿಗ್ಗೆ ಎದ್ದ ಕೂಡಲೇ, ಹಾಡಿ ಅತ್ತೆ, ಎಂದು ಹೇಳಬೇಕು. ಯಾವ ಮುಖ ಇಟ್ಟುಕೊಂಡು ಹೇಳಲಿ?