ಕೈ ಕಂಡರೂ ಓಡದ ಏಡಿಗಳು

ಎಣ್ಣೂರು ಹಿನ್ನೀರು,
ಮಾರ್ಗಳಿ ತಿಂಗಳ ಮೊದಲ ವಾರ, ಮಂಗಳವಾರ

ಪ್ರೀತಿಯ ಎಳಿಲರಸಿಗೆ,

ಹೇಗಿದ್ದೀಯ? ಕಾಲಿನ ಊತ ಇಳಿಯಿತಾ? ಹೊಟ್ಟೆಯೊಳಗಿನ ಯಜಮಾನರು ಈಗಲೂ ಒದೆಯುತ್ತಾರಾ? ತವರುಮನೆ ಅಂತ ಬಲೆ ಹೆಣೆಯೋಕೆ ಕೂತುಬಿಡಬೇಡ, ನಿಮ್ಮಮ್ಮ ಹೇಳಿದ ಹಾಗೆ ಕೇಳು. ನನ್ನ ಫೋನ್ ನೆರೆನೀರಲ್ಲಿ ಹೋಯ್ತು. ಬೇರೆಯವರ ಫೋನಲ್ಲಿ ಮಾತಾಡೋಣ ಅಂದರೆ ನಿನ್ನ ಪಕ್ಕದಲ್ಲಿ ಮನೆಮಂದಿಯೆಲ್ಲ ಕಿವಿಗೊಟ್ಟು ನಿಂತಿರುತ್ತಾರೆ. ಅದಕ್ಕೇ ಬರೀತಿದ್ದೀನಿ. ಅಕ್ಷರ ನೋಡಿ ನಗಬೇಡ.

ಬಿರುಗಾಳಿಯ ಮಾರನೇ ದಿನ ನೀರು ಮನೆಯೊಳಗೆ ಬಂತು ಅಂತ ಕೇಳಿರುತ್ತೀಯ. ನೀರು ಒಂದೇ ಬಂದಿದ್ದರೆ ಗುಡಿಸಿ ಹಾಕುತ್ತಿದ್ದೆವು. ಅದರ ಜೊತೆ ಕಾರ್ಖಾನೆ ಕಡೆಯಿಂದ ಎಣ್ಣೆಯೂ ಬಂತು. ನೀರು ಇಳಿದ ಮೇಲೆ ಗೋಡೆಗೆ ಸೊಂಟದವರೆಗೆ ಕಪ್ಪು. ದೋಣಿ, ಬಲೆ, ನಿನ್ನ ತುಳಸಿ ಕುಂಡ, ಎಲ್ಲದಕ್ಕೂ ಡಾಂಬರು ಬಳಿದ ಹಾಗಿದೆ. ಎಣ್ಣೆ ಬಾಚೋಕೆ ಕಾರ್ಖಾನೆಯವರು ನಮಗೇ ಮಗ್ಗು, ಬಕೆಟ್ಟು ಕೊಟ್ಟರು. ನಾವೇ ಬಾಚಿದೆವು.

ಅಮ್ಮನ ವಿಷಯ ಹೇಳಬೇಕು. ಅವಳ ಕೈಗೆ ಸೀಗಡಿ ಸಿಕ್ಕದ ದಿನ ಇತ್ತೇ? ಕತ್ತಿನವರೆಗೆ ನೀರಲ್ಲಿ ಕೂತು, ಕೆಸರು ತಡಕಿ, ಬುಟ್ಟಿ ತುಂಬಿಸಿಕೊಂಡೇ ಏಳುವವಳು. ಆ ದಿನವೂ ಇಳಿದಳು. ತಡಕಿದಲ್ಲೆಲ್ಲ ಸೀಗಡಿ ಬೆಂದ ಅನ್ನದ ಹಾಗೆ ಮೆತ್ತಗೆ ಸಿಕ್ಕಿತಂತೆ. ಏಡಿಗಳಂತೂ ನಡುಹಗಲಲ್ಲೇ ನೀರಂಚಿನ ಕಾಂಡ್ಲಾ ಗಿಡಗಳ ಬೇರಿನ ಮೇಲೆ ಹತ್ತಿ ಕೂತಿದ್ದವು. ಕೆಲವು ಹಳೆ ಚಿಪ್ಪು ಕಳಚೋಕೆ ಹೋಗಿ, ಅರ್ಧ ಒಳಗೆ ಅರ್ಧ ಹೊರಗೆ ಸತ್ತಿದ್ದವು. ಅಮ್ಮ ಕೈ ಚಾಚಿದಳು. ಒಂದೂ ಅಲ್ಲಾಡಲಿಲ್ಲ. "ಕೈ ಕಂಡು ಓಡದೇ ಇದ್ದರೆ ಅದು ಏಡಿನೇನೋ? ಬಯ್ಯೋಕಾದರೂ ಕೊಂಡಿ ಎತ್ತಬೇಡವಾ!" ಅಂದಳು.

ಪಕ್ಕದ್ಮನೆ ಕನ್ನಿಯಮ್ಮ ಅವನ್ನೇ ಆರಿಸಿ, ಹುಣಸೆ ನೀರಲ್ಲಿ ತಿಕ್ಕಿ, ಪಟ್ಟಣದ ಮಾರ್ಕೆಟ್ಟಿಗೆ ಹೊರಟಳು. ನಿಮ್ಮೂರು ಪಳವೇರ್ಕಾಡಿನ ಏಡಿ ಅಂತ ಮಾರುತ್ತಾಳಂತೆ! ಅಮ್ಮ ಬುಟ್ಟಿ ಕಿತ್ತು ನೆಲಕ್ಕೆ ಸುರಿದಳು. "ತಿನ್ನೋರ ಮನೇಲೂ ಒಬ್ಬ ಬಸುರಿ ಇರ್ತಾಳೆ ಕಣೇ!" ಕನ್ನಿಯಮ್ಮ ಬೀದಿಯಲ್ಲೇ ಕೂತು ಅತ್ತಳು. "ನಾನು ಒಲೆ ಮೇಲೆ ಏನಿಡಲಕ್ಕಾ, ನಿನ್ನ ನ್ಯಾಯಾನಾ?" ಅಮ್ಮ ಒಳಗೆ ಹೋಗಿ ನಮ್ಮ ಅಕ್ಕಿಯಲ್ಲಿ ಅರ್ಧ ತಂದು ಅವಳ ಸೆರಗಿಗೆ ಹಾಕಿದಳು.

ಆಮೇಲೆ ಅಮ್ಮ ಮೊಟ್ಟೆ ಹೊತ್ತ ಏಡಿಗಳಲ್ಲಿ ಜೀವ ಇದ್ದವನ್ನು ಹುಡುಕಿ ತಂದು, ಹಳೆ ಸೀರೆಯ ಚೂರಿನಿಂದ ಒಂದೊಂದನ್ನೂ ಒರೆಸುತ್ತ ಕೂತಳು. ಬಲೆಗೆ ಬಿದ್ದರೂ ಅವನ್ನು ವಾಪಸ್ ನೀರಿಗೇ ಬಿಡುವವಳು ತಾನೇ ಅವಳು. ಅತ್ತು ಮುಗಿಸಿದ ಕನ್ನಿಯಮ್ಮನ ಬಾಯಿ ಸುಮ್ಮನಿರುತ್ತದಾ? "ಏನಕ್ಕಾ, ಸೊಸೆಗೆ ಸೀಮಂತ ಮಾಡಿದ್ದು ಸಾಲದೂಂತ ಏಡಿಗೂ ಮಾಡ್ತಿದ್ದೀಯಾ? ಬಳೆ ಎಷ್ಟು ಕಾಲಿಗೆ ತೊಡಿಸ್ತೀಯ?" ಅಂದಳು. ಅಮ್ಮ ತಲೆ ಎತ್ತಲಿಲ್ಲ. "ಮೊದಲು ನಿನ್ನ ಬಾಯಿಗೆ ತೊಡಿಸ್ತೀನಿ ಇರು."

ಒರೆಸಿದ ಏಡಿಗಳನ್ನು ತಪ್ಪಲೆಗೆ ಹಾಕಿ, ಶೇರ್ ಆಟೋದಲ್ಲಿ ತೊಡೆ ಮೇಲಿಟ್ಟುಕೊಂಡು ಬಂದರಿನಾಚೆ, ನೀರು ತಿಳಿಯಾಗಿರುವ ಕಡೆ ಹೋದೆವು. ದಾರಿಯಲ್ಲೇ ಎಷ್ಟೋ ಸತ್ತವು. ಮೊಟ್ಟೆಗಳು ಅಂಟಂಟಾಗಿ ಉದುರಿ ತಪ್ಪಲೆಯ ತಳದಲ್ಲಿ ನಿಂತಿದ್ದವು. ಉಳಿದವನ್ನು ಅಮ್ಮ ಅಲೆಗೆ ಬಿಟ್ಟಳು. ಅಲೆ ಅವನ್ನು ತಂದು ಅವಳ ಕಾಲ ಹತ್ತಿರವೇ ಎಸೆಯಿತು. ಮತ್ತೆ ಬಿಟ್ಟಳು, ಮತ್ತೆ ಎಸೆಯಿತು. ಕೊನೆಗೆ ಒಂದೇ ಒಂದು ಕಾಲಾಡಿಸಿ ಮರಳೊಳಗೆ ಹೂತುಕೊಂಡಿತು. ಅದು ಬದುಕೋಕೆ ಹೋಯಿತೋ ಸಾಯೋಕೆ ಹೋಯಿತೋ ನನಗೆ ಗೊತ್ತಿಲ್ಲ, ಎಳಿಲ್.

ಅಲ್ಲಿಂದ ನಿಮ್ಮೂರು ಎಷ್ಟು ದೂರ? "ಸೊಸೇನ ನೋಡ್ಕೊಂಡು ಹೋಗೋಣ ಬಾ" ಅಂದೆ. "ಈ ವಾಸನೆ ಹೊತ್ಕೊಂಡು ಬಸುರಿ ಮುಂದೆ ನಿಲ್ಲಲ್ಲ" ಅಂತ ತಿರುಗಿ ನಡೆದುಬಿಟ್ಟಳು. ನಾವು ಬಂದಿದ್ದೆವು ಅಂತ ಯಾರಿಂದಲೋ ಕೇಳಿ ನೊಂದುಕೊಳ್ಳಬೇಡ. ಅವಳ ಅಂಗೈ ಚರ್ಮ ಸುಲಿದಿದೆ, ತೆಂಗಿನೆಣ್ಣೆ ಹಚ್ಚುತ್ತಿದ್ದೀನಿ. ಅಂದಿನಿಂದ ನೀರಿಗೆ ಇಳಿದಿಲ್ಲ.

ಅತ್ತೆ ಮಾವನಿಗೆ ನನ್ನ ನಮಸ್ಕಾರ. ಹೊಟ್ಟೆಯೊಳಗಿನವರಿಗೆ ಅಪ್ಪನ ಒಂದು ಮುತ್ತು, ಅಜ್ಜಿಯ ಆಶೀರ್ವಾದ ರಾಶಿರಾಶಿ.

ನಿನ್ನ
ದೇಸಪ್ಪನ್

ತಾ.ಕ: ಈ ಕಾಗದ ಒಯ್ಯುವ ಬಸ್ಸು ಹೊರಡುತ್ತಿದೆ, ಬೇಗಬೇಗ ಬರೀತಿದ್ದೀನಿ. ನಿಮ್ಮಪ್ಪನ ದೋಣಿಯಲ್ಲಿ ಒಬ್ಬನಿಗೆ ಜಾಗ ಇದೆಯಾ, ಅವರೊಬ್ಬರೇ ಇದ್ದಾಗ ಕೇಳು. ಮನೆ ಅಳಿಯ ಅಂತ ಊರು ನಗಲಿ. "ಮಗೂನ ಈ ಕೆಸರಿಗೆ ತರಬೇಡ, ನೀನೇ ಅಲ್ಲಿಗೆ ಹೋಗು" ಅಂತ ಹೇಳಿದ್ದು ಅಮ್ಮನೇ. ತಾನು ಮಾತ್ರ ಬರಲ್ಲವಂತೆ. ನಾನು ಕರೆದು ಸೋತೆ. ಬಾಣಂತನಕ್ಕೆ ನಮ್ಮಮ್ಮನೊಬ್ಬಳ ಕೈ ಸಾಲದು, ನನ್ನತ್ತೆಯೂ ಬರಲೇಬೇಕು ಅಂತ ನೀನು ಹಟ ಹಿಡಿ. ಸುಳ್ಳಾದರೂ ಸರಿ.